ಆಲ್ಬೀನಾಳ ಏಳು ನಳಿಕೆ

"ನಿನಗೆ ಅದು ಆಗಿಬರಲ್ಲ ಲುಮೀರ್. ಬೇರೆ ಏನಾದ್ರೂ ಕೇಳು, ಕೊಡ್ತೀನಿ."

ಪಕ್ಕದ ಹುಲ್ಲುಗಾವಲಿನ ಮುದುಕಿ ಆಲ್ಬೀನಾ ಹೀಗೆಂದಾಗ ಲುಮೀರ್‌ಗೆ ಮೈಯೆಲ್ಲ ಉರಿದುಹೋಯಿತು. ಅವನು ಕೇಳಿದ್ದು ಡೀಕನ್ ಎಂಬ ಹೋರಿಯ ಎರಡೇ ಎರಡು ವೀರ್ಯದ ನಳಿಕೆ. ಡೀಕನ್ ಸತ್ತು ಎಷ್ಟೋ ವರ್ಷವಾಗಿತ್ತು. ಅದರ ಕೊನೆಯ ಏಳು ನಳಿಕೆಗಳು ಆಲ್ಬೀನಾಳ ಕೊಟ್ಟಿಗೆಯಲ್ಲಿ, ವೀರ್ಯವನ್ನು ಹೆಪ್ಪುಗಟ್ಟಿಸಿಡುವ ನೈಟ್ರೋಜನ್ ಟ್ಯಾಂಕಿನಲ್ಲಿದ್ದವು. ಮೂರು ವರ್ಷದಿಂದ ಕೌಂಟಿ ಮೇಳದ ಮೊದಲ ಬಹುಮಾನದ ನೇರಳೆ ರಿಬ್ಬನ್ ಅವಳ ಕರುವಿಗೇ; ಅವೆಲ್ಲ ಡೀಕನ್‌ನ ಕರುಗಳೆಂದೇ ಅವನ ನಂಬಿಕೆ. ಎರಡನೆಯ ಸ್ಥಾನ ಲುಮೀರ್‌ಗೆ. ಅಪ್ಪ ಗೆದ್ದ ಹನ್ನೊಂದು ರಿಬ್ಬನ್‌ಗಳ ಪಕ್ಕದಲ್ಲಿ ಮಗನಿಗೆಂದು ಹೊಡೆದ ಮೊಳೆ ಖಾಲಿಯಾಗಿಯೇ ತುಕ್ಕು ಹಿಡಿಯುತ್ತಿತ್ತು.

ನೆಬ್ರಾಸ್ಕದ ಚಳಿಗಾಲವಿಡೀ ಅವನು ಹೋರಿಗಳ ಕ್ಯಾಟಲಾಗು ತಿರುವಿಹಾಕಿದ. ಒಂದಕ್ಕೆ ಮೂಳೆ ದಪ್ಪ, ಕೂದಲಿಲ್ಲ. ಇನ್ನೊಂದಕ್ಕೆ ಕೂದಲಿದೆ, ಸೊಂಟವಿಲ್ಲ. ಎಲ್ಲ ಇದ್ದದ್ದು ಡೀಕನ್‌ಗೆ ಮಾತ್ರ. ಮನೆಯ ಹೋರಿ ಬಟನ್ಸ್ ಬಗ್ಗೆ ಮಾತಾಡುವುದೇ ಬೇಡ. ಗಿಡ್ಡ ಕತ್ತು, ಪೆದ್ದು ಮುಖ. ಪ್ರತಿ ಜೂನ್‌ನಲ್ಲೂ ಎದೆಯ ತುಂಬ ಗೀರು ಮಾಡಿಕೊಂಡು ಬರುತ್ತಿತ್ತು. "ಸೋಮಾರಿ ಮುಂಡೇದೆ, ತುರಿಸ್ಕೊಳ್ಳೋಕೂ ನಿಂಗೆ ಮುಳ್ಳುತಂತೀನೇ ಬೇಕಾ?" ಎಂದು ಬೈದು ಮುಲಾಮು ಹಚ್ಚುತ್ತಿದ್ದ.

ಯೋಜನೆಯಲ್ಲಿ ಎಳ್ಳಷ್ಟೂ ಲೋಪವಿರಲಿಲ್ಲ. ಮೇ ತಿಂಗಳ ಭಾನುವಾರ, ಬೆಳಗಿನ ಹತ್ತು ಗಂಟೆ. ಆಲ್ಬೀನಾ ಚರ್ಚಿನಲ್ಲಿ ಎಲ್ಲರಿಗಿಂತ ಜೋರಾಗಿ ಹಾಡುತ್ತಿರುತ್ತಾಳೆ. ಕೊಟ್ಟಿಗೆಯ ಬೀಗದ ಕೈ ಹಳೆಯ ಹಾಲಿನ ಕ್ಯಾನಿನ ಕೆಳಗೆ. ಮುಚ್ಚಳ ತೆಗೆದೊಡನೆ ಬಿಳಿ ಹೊಗೆ ಉಕ್ಕಿತು. ಟ್ಯಾಂಕು ತುಂಬಿದೆ, ಸರಿ. ಕೈಗವಸು ತೊಟ್ಟು ಏಳು ನಳಿಕೆ ತೆಗೆದು ತನ್ನ ಟ್ಯಾಂಕಿಗೆ ಇಳಿಸಿದ. ಅವುಗಳಂತೆಯೇ ಹಳದಿ ಬಣ್ಣದ, ಯಾವುದೋ ಅಗ್ಗದ ಹೋರಿಯ ಏಳನ್ನು ಅಲ್ಲಿ ಇಟ್ಟ. ಎಣಿಸಿದರೂ ಲೆಕ್ಕ ತಪ್ಪದು. ಆಮೇಲೆ ಚರ್ಚಿಗೆ ಹೋಗಿ, ಆಲ್ಬೀನಾ ಮಾಡಿ ತಂದಿದ್ದ ಕೊಲಾಚೆ ಎಂಬ ಸಿಹಿ ಬನ್ನು ಎರಡು ತಿಂದು, "ತುಂಬಾ ಚೆನ್ನಾಗಿದೆ" ಎಂದೂ ಹೇಳಿದ. ನಾಚಿಕೆ ಅವನ ಹತ್ತಿರವೂ ಸುಳಿಯಲಿಲ್ಲ.

ಇನ್ನುಳಿದದ್ದು ಬಟನ್ಸ್. ಅದು ಹಸುಗಳ ನಡುವೆ ಓಡಾಡಿಕೊಂಡಿದ್ದರೆ ಹುಟ್ಟುವ ಕರು ಡೀಕನ್‌ನದೋ ಬಟನ್ಸ್‌ನದೋ ಎಂಬ ಅನುಮಾನ ಉಳಿಯುತ್ತದೆ. ಅದನ್ನು ಕಟುಕನ ಬಳಿ ಕಳಿಸಿದ. ಫ್ರೀಜರ್ ಮಾಂಸದಿಂದ ತುಂಬಿತು. ಏಳು ಒಳ್ಳೆಯ ಹಸುಗಳಿಗೆ ಏಳು ನಳಿಕೆಯನ್ನೂ ತಾನೇ ಹಾಕಿ, ಗೋಡೆಯ ಮೊಳೆಗೆ ಎಣ್ಣೆ ಸವರಿದ.

ಇಪ್ಪತ್ತೊಂದು ದಿನವಾಗುತ್ತಲೇ ಏಳೂ ಹಸುಗಳು ಮತ್ತೆ ಬೆದೆಗೆ ಬಂದು ಕೂಗಿಕೊಂಡವು. ಒಂದೂ ಗಬ್ಬ ಕಟ್ಟಿರಲಿಲ್ಲ. ಲುಮೀರ್‌ಗೆ ತಲೆಬುಡ ತಿಳಿಯಲಿಲ್ಲ. ಅಂಗಳದಲ್ಲಿ ಫ್ರೀಜರಿನ ಮಾಂಸದ ಬರ್ಗರ್ ಸುಡುತ್ತ ಅದನ್ನೇ ಯೋಚಿಸುತ್ತಿದ್ದಾಗ ಆಲ್ಬೀನಾ ಬಂದಳು.

"ಏನು ಘಮ ಘಮ ಅಂತಿದೆಯಪ್ಪಾ!" ಎನ್ನುತ್ತ, ಅವನನ್ನು ಕೇಳದೆಯೇ ಒಂದನ್ನು ಬಾಯಿಗಿಟ್ಟಳು. "ಲುಮೀರ್, ನಿನ್ನ ಹತ್ರ ಒಂದು ತಪ್ಪೊಪ್ಕೋಬೇಕು. ನಗಬೇಡ."

"ಹೇಳಿ," ಎಂದ.

"ನಾಲ್ಕು ವರ್ಷದ ಹಿಂದೆ ನಾನು ಆಸ್ಪತ್ರೆಲಿದ್ದಾಗ ಟ್ಯಾಂಕಿನ ನೈಟ್ರೋಜನ್ ಆರಿಹೋಗಿ ಡೀಕನ್‌ನ ನಳಿಕೆಯೆಲ್ಲ ಸತ್ತುಹೋದ್ವು. ನಾಚಿಕೆಗೆ ಟ್ಯಾಂಕನ್ನ ಮತ್ತೆ ತುಂಬಿಸಿಟ್ಟೆ, ಅಷ್ಟೇ. ಸತ್ತಿದ್ದನ್ನ ನಿನಗೆ ಹೇಗೆ ಕೊಡಲಿ ಹೇಳು?"

ಲುಮೀರ್ ಇಕ್ಕಳ ಕೆಳಗಿಟ್ಟ. "ಹಾಗಾದ್ರೆ ಮೂರು ವರ್ಷ ಗೆದ್ದ ಕರುಗಳು ಯಾವುದರವು?"

"ಅದನ್ನೇ ಹೇಳೋಕೆ ಬಂದೆ. ನಿನ್ನ ಬಟನ್ಸ್ ಅಪ್ಪಾ! ನನ್ನ ಹಸುಗಳಿಗೆ ಹೇಳಿ ಮಾಡಿಸಿದ ಜೋಡಿ. ಪ್ರತಿ ಜೂನ್‌ಗೂ ಮುಳ್ಳುತಂತಿ ಹಾರಿ ಬರ್ತಿದ್ದ, ಎದೆ ಮೇಲೆ ಗೀರು ನೀನು ನೋಡಿರಬೇಕಲ್ಲ? ಈ ಸಲ ಜೂನ್ ಮುಗೀತಾ ಬಂದ್ರೂ ಇನ್ನೂ ಬಂದಿಲ್ಲ. ಎಲ್ಲಿ ಕಟ್ಟಿದೀಯ ಅವನನ್ನ?" ಎನ್ನುತ್ತ ಅವಳು ಇನ್ನೊಂದು ಬರ್ಗರ್‌ಗೆ ಕೈ ಚಾಚಿದಳು.