ಮೂರನೇ ಗೇರಿನ ಕೂಗು

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ಹಾಲಿನವನು ತನ್ನ ವ್ಯಾನನ್ನು ತಾನೇ ಓಡಿಸಿಕೊಂಡು ಠಾಣೆಗೆ ಬಂದು, ತನ್ನ ವ್ಯಾನಿನ ಕಳ್ಳತನವಾಗಿದೆ ಎಂದು ದೂರು ಕೊಟ್ಟ.

ಇನ್‌ಸ್ಪೆಕ್ಟರ್ ಕಿಟಕಿಯಿಂದ ಹೊರಗೆ ನೋಡಿದರು. ಬಿಳಿ ವ್ಯಾನು ಬೇವಿನ ಮರದ ಕೆಳಗೆ ನಿಂತಿತ್ತು.

"ಅದ್ಯಾರ್ದು?"

"ನಂದೇ ಸರ್."

"ಮತ್ತೆ ಕಳುವಾಗಿರೋದು?"

"ಅದೇ ಸರ್. ಅಂದ್ರೆ, ಅದರ ಒಳಗಿರೋದು. ಮೂರನೇ ಗೇರು ಕೂಗ್ತಿಲ್ಲ."

ಇನ್‌ಸ್ಪೆಕ್ಟರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಕುರ್ಚಿ ಕಿರ್ರೋ ಎಂದು ಅರಚಿತು. ಆರು ವರ್ಷದಿಂದ ಅದು ಹಾಗೇ ಅರಚುತ್ತಿತ್ತು. ಅವರು ಮಗ್ಗುಲು ಬದಲಿಸಿದಾಗಲೆಲ್ಲ ಎದುರಿಗಿದ್ದವರು ಬೆಚ್ಚಿ ಅರ್ಧ ಸತ್ಯ ಹೇಳಿಬಿಡುತ್ತಿದ್ದರು. ಹಾಲಿನವನು ಪೂರ್ತಿ ಸತ್ಯವನ್ನೇ ಹೇಳಿದ. ಹದಿನಾಲ್ಕು ವರ್ಷದಿಂದ ಅವನ ವ್ಯಾನು ಬೆಟ್ಟದ ಬೀದಿಯ ಏರು ಹತ್ತುವಾಗ ಮೂರನೇ ಗೇರಿನಲ್ಲಿ ಊಳಿಡುತ್ತಿತ್ತು. ಆ ಕೂಗು ಕೇಳಿಯೇ ಜನ ಪಾತ್ರೆ ಹಿಡಿದು ಬಾಗಿಲಿಗೆ ಬರುತ್ತಿದ್ದರು. ಶನಿವಾರದಿಂದ ವ್ಯಾನು ಬೆಕ್ಕಿನ ಹಾಗೆ ಸದ್ದಿಲ್ಲದೆ ಹತ್ತುತ್ತಿದೆ. ಯಾರೂ ಹೊರಗೆ ಬರುತ್ತಿಲ್ಲ. ಎರಡು ದಿನದ ಹಾಲು ಕ್ಯಾನಿನಲ್ಲೇ ಒಡೆದುಹೋಗಿದೆ.

"ಹಾರ್ನ್ ಹೊಡೀರಿ."

"ಹಾರ್ನ್ ಎಲ್ಲರೂ ಹೊಡೀತಾರೆ ಸರ್. ಹಾರ್ನ್‌ಗೆ ಯಾರು ಪಾತ್ರೆ ತಗೊಂಡು ಬರ್ತಾರೆ?" ಹಾಲಿನವನ ಕಣ್ಣು ತುಂಬಿ ಬಂತು. "ಹೀಗೇ ಆದ್ರೆ ವ್ಯಾಪಾರ ಮುಚ್ಚಿ ಮನೇಲಿ ಕೂರಬೇಕಾಗುತ್ತೆ."

ಠಾಣೆಯ ರೈಟರ್, ಎಂದರೆ ಎಫ್‌ಐಆರ್ ಬರೆಯುವ ಹೆಡ್ ಕಾನ್‌ಸ್ಟೆಬಲ್, ಪೆನ್ನಿನ ಮುಚ್ಚಳ ತೆಗೆದವನು ಮತ್ತೆ ಹಾಕಿದ. ಮಾತಿನ ವಿಷಯದಲ್ಲಿ ಅವನು ಮಹಾ ಮಡಿವಂತ. "ಕೂಗೋದು ಅಪರಾಧ ಆಗಬಹುದು ಸರ್. ಕೂಗದೇ ಇರೋದಕ್ಕೆ ಯಾವ ಕಲಂ ಹಾಕ್ಲಿ?"

"ಮೊದಲು ಮೇಸ್ತ್ರಿಯನ್ನ ಕರೆಸು. ಗಾಡಿ ಬಿಚ್ಚಿ ನೋಡ್ಲಿ."

ಊರಿನಲ್ಲಿ ಮೇಸ್ತ್ರಿ ಎಂದರೆ ಒಬ್ಬನೇ, ಗ್ಯಾರೇಜಿನ ಮೇಸ್ತ್ರಿ. ಠಾಣೆಯ ಜೀಪು, ಆಸ್ಪತ್ರೆಯ ಆಂಬುಲೆನ್ಸು, ನಗರಸಭೆಯ ಕಸದ ಲಾರಿ, ಎಲ್ಲವೂ ಆಯಿಲ್ ಬದಲಾಯಿಸಲು ಹೋಗುತ್ತಿದ್ದುದು ಅವನಲ್ಲಿಗೇ. ತೆಳ್ಳಗಿನ ಆಳು, ಅರವತ್ತರ ಹತ್ತಿರ. ಬಂದವನೇ ಅಂಗಿಯ ತೋಳು ಮಡಚಿ ವ್ಯಾನಿನ ಕೆಳಗೆ ತೂರಿದ. ಹನ್ನೊಂದು ಇಪ್ಪತ್ತಕ್ಕೆ ಪಂಚನಾಮೆ ಶುರುವಾಯಿತು. ಅದೆಂದರೆ ಇನ್‌ಸ್ಪೆಕ್ಟರ್ ಮಂಡಿಯೂರಿ ಬಗ್ಗಿ ನೋಡುವುದು, ರೈಟರ್ ನಿಂತು ಬರೆಯುವುದು.

"ಗೇರ್ ಬಾಕ್ಸ್ ಬದಲಾಯಿಸಿದ್ದಾರೆ ಸರ್," ಮೇಸ್ತ್ರಿಯ ದನಿ ಕೆಳಗಿನಿಂದ ಬಂತು. "ಬೇರೆ ಮಾಡೆಲ್‌ದು. ಬೋಲ್ಟಿನ ತೂತು ಒಂದೂ ಹೊಂದ್ತಿರಲಿಲ್ಲ. ಮಧ್ಯೆ ಒಂದು ಪ್ಲೇಟು ಕಡೆದು ಕೂರಿಸಿದ್ದಾನೆ. ನೋಡಿ, ಒಂದು ಹನಿ ಆಯಿಲ್ ಸೋರಿಲ್ಲ. ಎಂಥಾ ಕೆಲಸ!"

"ಕಳ್ಳನ್ನ ಹೊಗಳ್ತಾ ಇದ್ದೀರಾ?"

"ಕಳ್ಳನ್ನಲ್ಲ ಸರ್, ಕೆಲಸಾನ."

"ಇದೇನು ಹಳದಿ ಗೆರೆ? ಒಂದೊಂದು ನಟ್ಟಿನ ಮೇಲೂ ಇದೆ."

ಕೆಳಗೆ ಸ್ಪ್ಯಾನರು ನೆಲಕ್ಕೆ ತಾಗಿದ ಸದ್ದಾಯಿತು. "ಬಿಗಿ ಮಾಡಿದ್ಮೇಲೆ ಬಣ್ಣದ ಗೆರೆ ಎಳೀತಾರೆ ಸರ್. ಸಡಿಲ ಆದ್ರೆ ಗೆರೆ ಮುರಿಯುತ್ತೆ, ಗೊತ್ತಾಗುತ್ತೆ. ಜವಾಬ್ದಾರಿ ಇರೋನು."

"ಇಷ್ಟು ಒಳ್ಳೇದನ್ನ ಹಾಕಿ, ಊಳಿಡೋ ಹಳೇದನ್ನ ಯಾಕೆ ಕದ್ದ?"

"ಹಳೇ ಮಾಡೆಲ್‌ನಲ್ಲಿ ಒಂದನೇ ಗೇರು ಭಾರಿ ನಿಧಾನ ಸರ್. ಗೋಡೆ ತೋರಿಸಿದ್ರೂ ಹತ್ತುತ್ತೆ."

ರೈಟರ್ ಎಫ್‌ಐಆರ್ ಬರೆಯಲು ಕೂತು ಬೆವರಿದ. ಕೊನೆಗೆ ಅವನು ಬರೆದದ್ದು ಹೀಗಿತ್ತು: ಕಳುವಾದ ಸ್ವತ್ತು, ಗೇರ್ ಬಾಕ್ಸ್ ಒಂದು, ಕೂಗುವಂಥದ್ದು. ಕಳ್ಳನು ಬಿಟ್ಟುಹೋದ ಸ್ವತ್ತು, ಗೇರ್ ಬಾಕ್ಸ್ ಒಂದು, ಕೂಗದಂಥದ್ದು. ಪಂಚನಾಗಿ, ಎಂದರೆ ಸಾಕ್ಷಿಯಾಗಿ, ಸಹಿ ಹಾಕಲು ಮೇಸ್ತ್ರಿ ಇನ್‌ಸ್ಪೆಕ್ಟರ ಕೋಣೆಯಲ್ಲಿ ಕಾದು ಕೂತ. ಇನ್‌ಸ್ಪೆಕ್ಟರ್ ಹೊರಗೆ ಫೋನಿನಲ್ಲಿ ಮೇಲಧಿಕಾರಿಗಳಿಗೆ ಪ್ರಕರಣ ವಿವರಿಸಿ, ಅವರ ನಗು ನಿಲ್ಲುವವರೆಗೆ ಕಾದು, ಇಪ್ಪತ್ತು ನಿಮಿಷದ ಮೇಲೆ ಒಳಗೆ ಬಂದರು.

"ಮನೇಲಿ ಟೀಚರಮ್ಮ ಹೇಗಿದ್ದಾರೆ?" ಎಂದು ಮೇಸ್ತ್ರಿಯ ಹೆಂಡತಿಯ ಬಗ್ಗೆ ಕೇಳಿದರು.

"ಹಾಗೇ ಇದ್ದಾಳೆ ಸರ್. ಬಿದ್ದಾಗಿಂದ ಕಾಲು ಊರೋಕೆ ಆಗಲ್ಲ." ಮೇಸ್ತ್ರಿ ಸ್ಪ್ಯಾನರನ್ನು ಜೇಬಿಗೆ ಇಳಿಸಿದ. "ಬೆಟ್ಟದ ಮೇಲಿನ ಸ್ಕೂಲು ಈ ಬುಧವಾರ ಮುಚ್ತಾರಂತೆ. ಇಪ್ಪತ್ತೆರಡು ವರ್ಷ ನಡೆದುಕೊಂಡೇ ಹತ್ತಿದ್ದಾಳೆ. ದಿನಾ ಸಂಜೆ ಗಂಟೆ ಹೊಡೀತಿದ್ದೋಳು ಅವಳೇ. ಕೊನೇ ಗಂಟೆನೂ ತಾನೇ ಹೊಡೀಬೇಕಂತೆ."

"ಪಾಪ. ಆದರೆ ಅಲ್ಲಿಗೆ ಗಾಡಿ ಹತ್ತಲ್ಲವಲ್ಲ."

"ಎಲ್ಲರೂ ಅದನ್ನೇ ಹೇಳ್ತಾರೆ ಸರ್," ಎಂದು ಮೇಸ್ತ್ರಿ ಸಹಿ ಹಾಕಿ ಎದ್ದು ಹೋದ.

ಇನ್‌ಸ್ಪೆಕ್ಟರ್ ತಮ್ಮ ಜಾಗದಲ್ಲಿ ಕೂತರು. ಕೋಣೆಯಲ್ಲಿ ಏನೋ ಕಡಿಮೆಯಾದಂತೆ ಅನ್ನಿಸಿತು. ಗೋಡೆ ಗಡಿಯಾರ ಇತ್ತು, ಫೈಲುಗಳಿದ್ದವು, ಟೋಪಿ ಮೊಳೆಯ ಮೇಲಿತ್ತು. ಏನೆಂದು ಗೊತ್ತಾಗಲಿಲ್ಲ. ಮನಸ್ಸಿಗೆ ಕಸಿವಿಸಿಯಾಗಿ ಎದ್ದು ಹೊರಟರು.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಊರಿನ ಉಳಿದ ಗಾಡಿಗಳ ತಪಾಸಣೆ ಆರಂಭವಾಯಿತು. ಠಾಣೆಯ ಜೀಪಿನ ಡ್ರೈವರ್ ತನ್ನ ಟೋಪಿ ತೆಗೆದು, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಕೊಡುವ ಫೋರ್ ವೀಲ್ ಲಿವರಿಗೆ ಸಿಕ್ಕಿಸಿ ಹೊರಟ. ಆ ಲಿವರು ಟೋಪಿ ನೇತುಹಾಕುವುದಕ್ಕಲ್ಲದೆ ಬೇರಾವುದಕ್ಕೂ ಬಳಕೆಯಾದದ್ದನ್ನು ಯಾರೂ ಕಂಡಿರಲಿಲ್ಲ.

ಆಸ್ಪತ್ರೆಯ ಹಿತ್ತಲಲ್ಲಿ ಆಂಬುಲೆನ್ಸಿನ ಕೆಳಗೆ ಟಾರ್ಚು ಬಿಟ್ಟು ನೋಡಿದರೆ, ಹಿಂದಿನ ಸ್ಪ್ರಿಂಗ್ ಪ್ಲೇಟುಗಳು ಬೇರೆ ಮಾಡೆಲ್‌ನವು. ನಟ್ಟುಗಳ ಮೇಲೆ ಹಳದಿ ಗೆರೆ.

"ನಿಮ್ಮ ಸ್ಪ್ರಿಂಗ್ ಕಳುವಾಗಿದೆ," ಎಂದರು ಇನ್‌ಸ್ಪೆಕ್ಟರ್.

"ಆಗಿದ್ರೆ ಆಗ್ಲಿ ಬಿಡಿ ಸರ್," ಎಂದ ಆಂಬುಲೆನ್ಸಿನವನು.

"ದೂರು ಕೊಡಲ್ವಾ?"

"ಕೊಟ್ರೆ ಹಳೇದು ವಾಪಸ್ ಹಾಕಿಸ್ತೀರಾ?"

"ಕಾನೂನು ಪ್ರಕಾರ ಹಾಕಿಸಬೇಕು."

"ಹಾಗಾದ್ರೆ ನನಗೆ ಏನೂ ಗೊತ್ತಿಲ್ಲ ಸರ್. ಮೆತ್ತಗಿತ್ತು ಅಂತ ಹಳೇ ಸ್ಪ್ರಿಂಗಿಗೆ ಏನು ಹೆಸರು, ಏನು ಹೊಗಳಿಕೆ! ತಿರುವಿನಲ್ಲಿ ತೊಟ್ಟಿಲು ತೂಗ್ತಿತ್ತು. ಈಗ ಗಾಡಿ ನೆಟ್ಟಗೆ ಹೋಗ್ತಿದೆ."

ಕಸದ ಲಾರಿಯಲ್ಲಿ ಉಕ್ಕಿನ ಹಗ್ಗ ಸುತ್ತಿ ತೊಟ್ಟಿ ಎಳೆಯುವ ವಿಂಚು ಬದಲಾಗಿತ್ತು. ಅಲ್ಲೂ ಹಳದಿ ಗೆರೆ. ಲಾರಿಯವನು ಹೊಸ ವಿಂಚನ್ನು ತಬ್ಬಿಕೊಂಡು ನಿಂತೇಬಿಟ್ಟ, ಹತ್ತಿರ ಬರಬೇಡಿ ಎನ್ನುವ ಹಾಗೆ. ಇಬ್ಬರ ಗಾಜಿನ ಮೇಲೂ ಆಯಿಲ್ ಬದಲಾಯಿಸಿದ ತಾರೀಖಿನ ಚೀಟಿ ಇತ್ತು. ಹಾಲಿನವನ ವ್ಯಾನಿನಲ್ಲೂ ಇದ್ದದ್ದು ರೈಟರಿಗೆ ನೆನಪಾಯಿತು. ಆದರೆ ಚೀಟಿ ಇಲ್ಲದ ಗಾಡಿ ಊರಲ್ಲಿ ಒಂದೂ ಇರಲಿಲ್ಲವಾದ್ದರಿಂದ ಅದನ್ನು ಸುಳಿವು ಎಂದು ಬರೆಯಲು ಅವನ ಮನಸ್ಸು ಒಪ್ಪಲಿಲ್ಲ.

"ಊರಲ್ಲಿ ಇಷ್ಟೊಂದು ಒಳ್ಳೇ ಕೆಲಸ ಮಾಡಿಕೊಂಡು ತಿರುಗೋ ಕಳ್ಳ ಯಾರು?" ಎಂದು ಇನ್‌ಸ್ಪೆಕ್ಟರ್ ದಾರಿಯುದ್ದಕ್ಕೂ ಯೋಚಿಸಿದರು. ಡ್ರೈವರ್ ಯೋಚಿಸಲಿಲ್ಲ. ತನ್ನ ಜೀಪು ಈ ನಡುವೆ ಯಾಕೋ ಹಗುರವಾಗಿ ಓಡುತ್ತಿದೆ ಎಂದು ಖುಷಿಯಲ್ಲಿದ್ದ.

ಬುಧವಾರ ಮಧ್ಯಾಹ್ನ ಮೂರೂವರೆ. ಮೂರು ದಿನದಿಂದ ಠಾಣೆಯ ಬೆಂಚು ಬಿಡದೆ ಕೂತಿದ್ದ ಹಾಲಿನವನು ಒಳಗೆ ಬಂದ. "ಏನಾದ್ರೂ ಗೊತ್ತಾಯ್ತಾ ಸರ್?"

ಇನ್‌ಸ್ಪೆಕ್ಟರ್ ಅವನನ್ನು ಬೆಚ್ಚಿಸಲೆಂದೇ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಹಾಲಿನವನು ಬೆಚ್ಚಲಿಲ್ಲ. ಅವರು ಮುಂದಕ್ಕೆ ಬಾಗಿ ಮತ್ತೆ ಒರಗಿದರು. ಏನೂ ಇಲ್ಲ. ಎಡಕ್ಕೆ ಹೊರಳಿದರು, ಬಲಕ್ಕೆ ಹೊರಳಿದರು. ಹಾಲಿನವನು ಗಾಬರಿಯಾಗಿ, "ಹುಷಾರಿಲ್ವಾ ಸರ್?" ಎಂದ.

"ಕೂಗ್ತಿಲ್ಲ!" ಎಂದರು ಇನ್‌ಸ್ಪೆಕ್ಟರ್.

ಅವರು ಎದ್ದು ಕುರ್ಚಿಯನ್ನು ತಲೆಕೆಳಗಾಗಿ ಮೇಜಿನ ಮೇಲೆ ಹಾಕಿದರು. ನಾಲ್ಕು ಕಾಲು, ನಾಲ್ಕು ನಟ್ಟು, ನಾಲ್ಕು ಹಳದಿ ಗೆರೆ. ಸೋಮವಾರ ಇಪ್ಪತ್ತು ನಿಮಿಷ ಈ ಕೋಣೆಯಲ್ಲಿ ಒಂಟಿಯಾಗಿ ಕೂತಿದ್ದವನು ಒಬ್ಬನೇ. ಕಳ್ಳ ಪಂಚನಾಮೆಗೆ ಸಹಿ ಹಾಕಲು ಬಂದು, ಸಡಿಲವಾದ ನಟ್ಟನ್ನು ಕಂಡು ಸುಮ್ಮನಿರಲಾರದೆ, ಬಿಗಿ ಮಾಡಿ ಗುರುತನ್ನೂ ಹಾಕಿ ಹೋಗಿದ್ದ.

ಗ್ಯಾರೇಜಿಗೆ ಬೀಗ ಬಿದ್ದಿತ್ತು. ಹಿಂದಿನ ಶೆಡ್ಡು ಬಾಗಿಲು ತೆರೆದು ಖಾಲಿ ನಿಂತಿತ್ತು. ಮಣ್ಣಿನ ಮೇಲೆ ಅಂಗೈ ಅಗಲದ ಟಯರಿನ ಗುರುತು. ಮೂರು ಐವತ್ತೈದು. ರೈಟರ್ ಟೇಪು ಹಿಡಿದು ಅಳೆಯಲು ಬಗ್ಗಿದ. ಅಷ್ಟರಲ್ಲಿ ಬೆಟ್ಟದ ಬೀದಿಯ ಕಡೆಯಿಂದ ಒಂದು ಕೂಗು ಎದ್ದಿತು, ಉದ್ದಕ್ಕೆ, ಊಳಿಡುವ ಹಾಗೆ.

"ನನ್ನ ಗೇರು!" ಎಂದು ಹಾಲಿನವನು ಕಿರುಚಿದ. "ಸರ್, ಅದು ನಂದೇ! ಮೂರನೇದು!"

ಹಾಲಿನವನನ್ನೂ ಹತ್ತಿಸಿಕೊಂಡು ಜೀಪು ಹೊರಟಿತು. ದಾರಿ ಕೇಳುವ ಅಗತ್ಯವೇ ಬೀಳಲಿಲ್ಲ. ಬೆಟ್ಟದ ಬೀದಿಯ ಎರಡೂ ಬದಿಯಲ್ಲಿ ಮನೆಮನೆಯ ಬಾಗಿಲಿಗೂ ಜನ ಪಾತ್ರೆ ಹಿಡಿದು ನಿಂತಿದ್ದರು. ಒಬ್ಬ ಅಜ್ಜಿ ಜೀಪಿಗೇ ಪಾತ್ರೆ ಒಡ್ಡಿ, "ಏನಪ್ಪಾ, ಸಂಜೆನೂ ಹಾಲು ಶುರು ಮಾಡಿದ್ಯಾ? ನಿಲ್ಲದೇ ಹೋಗಿಬಿಡ್ತಲ್ಲ ಗಾಡಿ!" ಎಂದು ಹಾಲಿನವನನ್ನು ಗದರಿದಳು.

"ಯಾವ ಕಡೆ ಹೋಯ್ತಜ್ಜಿ?"

"ಮೇಲಕ್ಕೆ. ಮೇಸ್ತ್ರಿ ಓಡಿಸ್ತಿದ್ದ. ಪಕ್ಕದಲ್ಲಿ ಟೀಚರಮ್ಮ ಹೊಸ ಸೀರೆ ಉಟ್ಕೊಂಡು ಕೂತಿದ್ದಳು."

ಪಾತ್ರೆಗಳ ಸಾಲು ಮುಗಿದಲ್ಲಿ ಡಾಂಬರೂ ಮುಗಿಯಿತು. ಮುಂದೆ ಬಂಡೆ, ಕೊರಕಲು, ಕಡಿದಾದ ಏರು. ಇನ್‌ಸ್ಪೆಕ್ಟರ್ ಹೇಳಿದರು, "ಫೋರ್ ವೀಲ್ ಹಾಕು."

ಡ್ರೈವರ್ ಟೋಪಿ ತೆಗೆದು ತಲೆಗೆ ಇಟ್ಟುಕೊಂಡು, ಲಿವರನ್ನು ಹಿಡಿದು ಎಳೆದ. ಲಿವರು ಅವನ ಕೈಗೇ ಬಂತು. ಅದರ ತುದಿಗೆ ಏನೂ ಅಂಟಿರಲಿಲ್ಲ. ಅಲುಗಾಡದಿರಲೆಂದು ಬುಡಕ್ಕೆ ಒಂದು ರಬ್ಬರು ಸಿಕ್ಕಿಸಿ, ಚೊಕ್ಕವಾಗಿ ಹಳದಿ ಗೆರೆ ಎಳೆದಿತ್ತು.

ಡ್ರೈವರ್ ಟೋಪಿಯನ್ನು ಮತ್ತೆ ತೆಗೆದು ಆ ಲಿವರಿಗೇ ಸಿಕ್ಕಿಸಿದ.

"ಇದನ್ನ ಎಫ್‌ಐಆರ್‌ಗೆ ಸೇರಿಸಬೇಕಾ ಸರ್?" ಎಂದು ರೈಟರ್ ಮೆಲ್ಲಗೆ ಕೇಳಿದ.

"ಇಳಿದು ನಡಿ," ಎಂದರು ಇನ್‌ಸ್ಪೆಕ್ಟರ್.

ಅವರು ಮೇಲೆ ಮುಟ್ಟಿದಾಗ ಗಂಟೆ ನಾಲ್ಕು ಹನ್ನೆರಡು. ಎದೆ ತಿದಿಯಂತೆ ಏರಿಳಿಯುತ್ತಿತ್ತು. ಸ್ಕೂಲೆಂದರೆ ಎರಡು ಕೋಣೆ, ಒಂದು ಜಗಲಿ, ತೊಲೆಗೆ ನೇತುಬಿದ್ದ ಕಬ್ಬಿಣದ ಹಳಿಯ ತುಂಡು. ಅಂಗಳದಲ್ಲಿ ಆ ವಾಹನ ನಿಂತಿತ್ತು. ಮೂತಿ ಒಂದು ಮಾಡೆಲ್‌ದು, ಬೆನ್ನು ಇನ್ನೊಂದರದು, ಮುಂದೆ ನಗರಸಭೆಯ ವಿಂಚು, ಕೆಳಗೆ ಠಾಣೆಯ ಫೋರ್ ವೀಲ್. ನೋಡಲು ಒಂದಕ್ಕೊಂದು ನಂಟಿಲ್ಲ, ಆದರೆ ಎಲ್ಲೂ ಒಂದು ಹನಿ ಆಯಿಲ್ ಸೋರಿರಲಿಲ್ಲ. ಇನ್‌ಸ್ಪೆಕ್ಟರ್ ಮನಸ್ಸಿನಲ್ಲೇ, ಎಂಥಾ ಕೆಲಸ, ಅಂದುಕೊಂಡರು.

ಟೀಚರಮ್ಮ ಜಗಲಿಯ ಮೇಲೆ ಕುರ್ಚಿಯಲ್ಲಿ ಕೂತಿದ್ದಳು. ಹದಿನೇಳು ಮಕ್ಕಳು ಸುತ್ತ ನಿಂತಿದ್ದರು. ಪೊಲೀಸರನ್ನು ನೋಡಿ ಅವಳು, "ನೀವೂ ಬಂದ್ರಾ? ಬನ್ನಿ ಬನ್ನಿ. ನಡ್ಕೊಂಡು ಬಂದ್ರಾ?" ಎಂದು ಸಂಭ್ರಮಿಸಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ.

ಮೇಸ್ತ್ರಿಗೆ ಎಲ್ಲ ಗೊತ್ತಾಯಿತು. ಹತ್ತಿರ ಬಂದು ದನಿ ತಗ್ಗಿಸಿ ಹೇಳಿದ, "ಗಂಟೆ ಹೊಡೆಯೋದು ನಾಲ್ಕೂವರೆಗೆ ಸರ್. ಹದಿನೆಂಟು ನಿಮಿಷ ಇದೆ."

"ಯಾಕ್ರೀ ಮೇಸ್ತ್ರಿ? ಕೇಳಿದ್ರೆ ಕೊಡ್ತಿರಲಿಲ್ವಾ?"

ಮೇಸ್ತ್ರಿ ಅಂಗಿಯ ಜೇಬಿನಿಂದ ಮಡಿಸಿದ ಕಾಗದಗಳನ್ನು ತೆಗೆದು ಕೊಟ್ಟ. ಆಸ್ಪತ್ರೆಯದು: ಸದರಿ ಸ್ಥಳಕ್ಕೆ ವಾಹನ ಹತ್ತುವುದಿಲ್ಲ. ನಗರಸಭೆಯದು: ವಾಹನ ಹತ್ತುವುದಿಲ್ಲ. ಮೂರನೆಯದು ಜೀಪು ಬೇಕೆಂದು ಮೇಸ್ತ್ರಿ ಠಾಣೆಗೆ ಬರೆದ ಅರ್ಜಿಯ ಪ್ರತಿ. ಮೂಲೆಯಲ್ಲಿ 'ಪರಿಶೀಲಿಸಿ' ಎಂಬ ಒಂದೇ ಪದ, ಕೆಳಗೆ ಇನ್‌ಸ್ಪೆಕ್ಟರ ಸಹಿ. ಬರೆದದ್ದು ಅವರಿಗೆ ನೆನಪೇ ಇರಲಿಲ್ಲ. ಅವರಿಗೆ ನಾಚಿಕೆಯಾಯಿತು, ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

"ನಾನು ಕಾಗದ ಕೊಡಲಿಲ್ಲ," ಎಂದ ಹಾಲಿನವನು ನೆಲ ನೋಡುತ್ತ. "ಬಾಯಲ್ಲೇ ಹೇಳಿದ್ದೆ. ನನ್ನ ಗಾಡಿ ಹತ್ತಲ್ಲ ಮೇಸ್ತ್ರಿ ಅಂತ."

"ಹತ್ತಲ್ಲ ಅಂದವರ ಹತ್ರ ಮಾತ್ರ ತಗೊಂಡೆ ಸರ್," ಎಂದ ಮೇಸ್ತ್ರಿ. "ಒಂದೊಂದು ಗಾಡಿ ಹತ್ತಲ್ಲ ನಿಜ. ನಾಲ್ಕೂ ಸೇರಿದ್ರೆ ಹತ್ತುತ್ತೆ ಅನ್ನಿಸ್ತು. ಸ್ಪ್ರಿಂಗ್ ಮಾತ್ರ ಆಂಬುಲೆನ್ಸಿಂದೇ ಬೇಕಿತ್ತು. ಅವಳಿಗೆ ಕುಲುಕಾಟ ಆಗಬಾರದು."

ಇನ್‌ಸ್ಪೆಕ್ಟರ್ ಬೇಡಿಯನ್ನು ಸೊಂಟದಿಂದ ತೆಗೆಯಲಿಲ್ಲ. ಜಗಲಿಯ ಅಂಚಿನಲ್ಲಿ ಮಕ್ಕಳ ಸಾಲಿನ ಕೊನೆಗೆ ಹೋಗಿ ಕೂತರು. ನಾಲ್ಕೂವರೆಗೆ ಮೇಸ್ತ್ರಿ ಹೆಂಡತಿಯ ಕುರ್ಚಿಯನ್ನು ತೊಲೆಯ ಕೆಳಕ್ಕೆ ಸರಿಸಿ ಕೈಗೆ ಸುತ್ತಿಗೆ ಕೊಟ್ಟ. ಅವಳು ಹೊಡೆದಳು. ಸ್ಕೂಲು ಬಿಟ್ಟ ಕೂಡಲೇ ಓಡುತ್ತಿದ್ದ ಮಕ್ಕಳು ಅವತ್ತು ಒಬ್ಬರೂ ಓಡಲಿಲ್ಲ. "ಹೋಗ್ರೋ, ಮನೆಗೆ ಹೋಗ್ರೋ," ಎನ್ನುತ್ತ ಅವಳು ಅತ್ತಳು, ಮತ್ತೊಮ್ಮೆ ಹೊಡೆದಳು.

ಬಂಧನ ನಾಲ್ಕು ಐವತ್ತಕ್ಕೆ. ಆರೋಪಿಯನ್ನು ಕೆಳಗೆ ತರಲು ಇಲಾಖೆಯ ಬಳಿ ಬೆಟ್ಟ ಹತ್ತುವ ವಾಹನವಿಲ್ಲದ ಕಾರಣ, ಜಪ್ತಿಯಾದ ವಾಹನವನ್ನು ಆರೋಪಿಯೇ ಓಡಿಸಿದ. ಟೀಚರಮ್ಮ ಮುಂದೆ, ಪೊಲೀಸರು ಹಿಂದೆ. ಬೆಟ್ಟದ ಬೀದಿಯಲ್ಲಿ ಗೇರು ಮತ್ತೆ ಕೂಗಿತು, ಜನ ಮತ್ತೆ ಪಾತ್ರೆ ತಂದರು. ಹಾಲಿನವನು ಹಿಂದಿನಿಂದ ಎದ್ದು ನಿಂತು, "ನಾಳೆ ಬೆಳಿಗ್ಗೆ! ನಾಳೆ ಬೆಳಿಗ್ಗೆ ಬರ್ತೀನಿ!" ಎಂದು ಎರಡೂ ಬದಿಗೆ ಕೂಗುತ್ತ ಬಂದ. ಗೇರನ್ನು ವಾಪಸ್ ಕೂರಿಸುವುದಕ್ಕೆ ಆರೋಪಿಯನ್ನು ಬಿಟ್ಟರೆ ಊರಲ್ಲಿ ಬೇರೆ ಯಾರೂ ಇಲ್ಲ ಎಂಬುದು ಅವನಿಗೆ ಆಮೇಲೆ ಹೊಳೆಯಿತು. ಜಾಮೀನಿಗೆ ಮೊದಲ ಸಹಿ ಅವನದೇ ಆಯಿತು.

ಠಾಣೆಯಲ್ಲಿ ರೈಟರ್ ಪೆನ್ನು ಹಿಡಿದು ಕೇಳಿದ, "ನಾವು ಮೇಲೆ ಮುಟ್ಟಿದ್ದು ನಾಲ್ಕು ಹನ್ನೆರಡು, ಬಂಧನ ನಾಲ್ಕು ಐವತ್ತು. ಮಧ್ಯೆ ಮೂವತ್ತೆಂಟು ನಿಮಿಷ ಏನು ಮಾಡಿದ್ವಿ ಅಂತ ಬರೀಲಿ ಸರ್?"

"ಪರಿಶೀಲಿಸಿದ್ವಿ ಅಂತ ಬರಿ."

"ಕೃತ್ಯಕ್ಕೆ ಕಾರಣ?"

ಇನ್‌ಸ್ಪೆಕ್ಟರ್ ಕುರ್ಚಿಯಲ್ಲಿ ಒರಗಿದರು. ಅದು ಸದ್ದು ಮಾಡಲಿಲ್ಲ. ಅವರು ಮೂರು ಕಾಗದಗಳನ್ನೂ ರೈಟರ ಮುಂದಿಟ್ಟು, ತಮ್ಮ ಸಹಿ ಇದ್ದುದನ್ನು ಎಲ್ಲಕ್ಕಿಂತ ಮೇಲೆ ಹಾಕಿದರು. ಆಮೇಲೆ ಜಪ್ತಿ ಪಂಚನಾಮೆಯನ್ನು ಎಳೆದುಕೊಂಡು, ವಾಹನದ ಸ್ಥಿತಿ ಎಂಬ ಕಾಲಮ್ಮಿನಲ್ಲಿ ತಮ್ಮ ಕೈಯಾರೆ ಬರೆದರು: ಹತ್ತುತ್ತದೆ.