ತೀರ್ಥದ ಬಾಟಲಿಯ ಲೆಕ್ಕ

ಸಾಲಿನಲ್ಲಿ ಕಡೆಗೆ ನಿಂತಿದ್ದ ಹುಡುಗ ಎರಡು ಹನಿ ಕೇಳಿದ.

“ಒಬ್ಬರಿಗೆ ಒಂದೇ,” ಎಂದಳು ಮರಿ.

“ನಂಗೆ ಭಾಗಾಕಾರನೂ ಬರಲ್ಲ, ಭಿನ್ನರಾಶಿನೂ ಬರಲ್ಲ. ಎರಡು ಹಾಕು.”

ನ್ಯಾಯವಾದ ಮಾತೇ. ಮರಿ ಕಣ್ಣಿನ ಔಷಧಿಯ ಹಳೆಯ ಬಾಟಲಿಯನ್ನು ಒತ್ತಿ ಅವನ ಹಣೆಗೆ ಎರಡು ಹನಿ ಬಿಟ್ಟಳು. ಗಣಿತದ ಟೀಚರ್ ಪ್ರಶ್ನೆಪತ್ರಿಕೆ ಹಿಡಿದು ಒಳಗೆ ಬಂದಾಗ ಅರ್ಧ ಕ್ಲಾಸಿನ ಹಣೆ ಒದ್ದೆಯಾಗಿತ್ತು. ಟೀಚರ್ ಒಮ್ಮೆ ಮೇಲೆ ನೋಡಿದರು. ಸೂರು ಸೋರುತ್ತಿರಲಿಲ್ಲ. ಅವರು ಪೇಪರ್ ಹಂಚಿದರು.

ಬಾಟಲಿಯಲ್ಲಿ ಇದ್ದದ್ದು ತೀರ್ಥ, ಅಂದರೆ ಚರ್ಚಿನಲ್ಲಿ ಫಾದರ್ ಪ್ರಾರ್ಥನೆ ಮಾಡಿ ಆಶೀರ್ವದಿಸಿದ ನೀರು. ಮರಿಯ ಮನೆಯಲ್ಲಿ ಬಾಗಿಲ ಪಕ್ಕದ ಗೂಡಿನಲ್ಲಿ ಅದರ ದೊಡ್ಡ ಗಾಜಿನ ಬಾಟಲಿ ಇತ್ತು. ಯಾರು ಹೊರಗೆ ಹೊರಟರೂ ಅಜ್ಜಿ ಅದರಿಂದ ಅಂಗೈಗೆ ನೀರು ಬಗ್ಗಿಸಿಕೊಂಡು ಅವರ ತಲೆಗೆ ಚಿಮುಕಿಸಿಯೇ ಕಳಿಸುವುದು. ಅಪ್ಪ ಹಾಲಿನ ಪ್ಯಾಕೆಟ್ ತರಲು ಮೂಲೆಯಂಗಡಿಗೆ ಹೋದರೂ ಒದ್ದೆಯಾಗಿಯೇ ಹೋಗಬೇಕಿತ್ತು.

ತೀರ್ಥದ ವಿಷಯದಲ್ಲಿ ಅಜ್ಜಿ ಬಹಳ ಕಟ್ಟುನಿಟ್ಟು. ಬಾಟಲಿಯನ್ನು ನೆಲದ ಮೇಲೆ ಇಡಬಾರದು. ಹಳೆಯದಾದರೆ ಚರಂಡಿಗೆ ಚೆಲ್ಲಬಾರದು, ಮಣ್ಣಿಗೇ ಹಾಕಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯ ತೀರ್ಥ ಮನೆಯವರಿಗೆ ಮಾತ್ರ. ಕಂಡಕಂಡವರಿಗೆ ಹಂಚಲು ಅದೇನು ಶರಬತ್ತೇ ಎಂದು ಅಜ್ಜಿ ಕೇಳುತ್ತಿದ್ದಳು.

ಮರಿ ಮೊದಲು ಕೊಟ್ಟದ್ದು ಒಬ್ಬಳಿಗೇ. ಅವಳ ಬೆಂಚಿನ ಗೆಳತಿಯನ್ನು ಎಲ್ಲರೂ ಕರೆಯುವುದು ಜಿಂಕೆ ಎಂದು. ಜಿಂಕೆಯ ಮನೆಯವರು ಚರ್ಚಿಗೆ ಹೋಗುವವರಲ್ಲ. ಓಟದ ಸ್ಪರ್ಧೆಯ ದಿನ ಅವಳ ಕೈಕಾಲು ತಣ್ಣಗಾಗಿದ್ದನ್ನು ನೋಡಲಾರದೆ ಮರಿ ಒಂದು ಹನಿ ಹಾಕಿದ್ದಳು. ಜಿಂಕೆ ಗೆದ್ದಳು. ಅವಳು ಪ್ರತಿ ವರ್ಷವೂ ಗೆಲ್ಲುತ್ತಿದ್ದಳು ಎಂಬುದನ್ನು ಕ್ಲಾಸಿನಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮಾರನೇ ದಿನದಿಂದ ಮರಿಯ ಬೆಂಚಿನ ಮುಂದೆ ಸಾಲು ನಿಂತಿತು.

ದಿನಾ ನೀರು ತೆಗೆದರೆ ಮನೆಯ ಬಾಟಲಿ ಖಾಲಿಯಾಗಬೇಕಲ್ಲ? ಅದಕ್ಕೂ ಮರಿಯ ಹತ್ತಿರ ಉಪಾಯವಿತ್ತು. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಧರ್ಮ ಕಲಿಸುವ ಜ್ಞಾನೋಪದೇಶದ ಕ್ಲಾಸಿನಲ್ಲಿ ಸಿಸ್ಟರ್ ಒಮ್ಮೆ ಹೇಳಿದ್ದರು, ತೀರ್ಥಕ್ಕೆ ಸ್ವಲ್ಪ ಮಾಮೂಲಿ ನೀರು ಬೆರೆತರೂ ಎಲ್ಲವೂ ತೀರ್ಥವೇ ಎಂದು. ಮರಿ ಎಷ್ಟು ತೆಗೆಯುತ್ತಿದ್ದಳೋ ಅಷ್ಟನ್ನು ನಲ್ಲಿಯಿಂದ ತುಂಬಿಸಿಡುತ್ತಿದ್ದಳು. ಹಾಗೆ ಎಷ್ಟು ಸಲ ಮಾಡಬಹುದು ಎಂದು ಸಿಸ್ಟರ್ ಹೇಳಿರಲಿಲ್ಲ. ಮರಿ ಕೇಳಿರಲೂ ಇಲ್ಲ.

ಆವತ್ತು ಊಟದ ಬೆಲ್ ಹೊಡೆದಾಗ ಜಿಂಕೆ ಡಬ್ಬಿ ತೆರೆಯಲೇ ಇಲ್ಲ. ಅವಳ ಅಪ್ಪ ಗೋಡೆಗೆ ಬಣ್ಣ ಹೊಡೆಯುವ ಪೇಂಟರ್. ಏಣಿಯಿಂದ ಬಿದ್ದು ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ.

“ನಾಳೆ ಬೆಳಿಗ್ಗೆ ಆಪರೇಷನ್ನು. ಅಪ್ಪ ಊಟಾನೇ ಮಾಡ್ತಿಲ್ಲ. ಹೆದರಿಕೊಂಡಿದಾನೆ,” ಎಂದಳು ಜಿಂಕೆ. “ಅವನಿಗೂ ನಿನ್ನ ತೀರ್ಥ ತಂದ್ಕೊಡ್ತೀಯಾ? ಒಂದು ಹನಿ ಸಾಲಲ್ಲ. ಜಾಸ್ತಿ ಬೇಕು.”

ಸಂಜೆ ಆಸ್ಪತ್ರೆಯಲ್ಲಿ ನೋಡಲು ಬಿಡುವ ಹೊತ್ತಿಗೆ ತರುತ್ತೇನೆ ಎಂದು ಮರಿ ಮಾತು ಕೊಟ್ಟಳು. ಕೊಟ್ಟ ಮೇಲೆ ಯೋಚನೆಗೆ ಬಿದ್ದಳು. ಪರೀಕ್ಷೆ ಬೇರೆ, ಆಪರೇಷನ್ ಬೇರೆ. ಮನೆಗೆ ಹೋಗುವ ದಾರಿಯಲ್ಲಿ ಅವಳು ಕಾನ್ವೆಂಟಿನ ಗೇಟಿನ ಹತ್ತಿರ ನಿಂತು ಸಿಸ್ಟರನ್ನು ಕೇಳಿದಳು. ಸಿಸ್ಟರ್ ಗಿಡಗಳಿಗೆ ನೀರು ಹಾಕುತ್ತಲೇ ಹೇಳಿದರು: ಬೆರೆಸಿದ್ದು ಯಾವಾಗಲೂ ಕಡಿಮೆಯೇ ಇರಬೇಕು, ಅರ್ಧ ದಾಟಿತೋ, ಅದು ಬರೀ ನೀರು.

ಮರಿ ದಾರಿಯುದ್ದಕ್ಕೂ ಲೆಕ್ಕ ಹಾಕಿದಳು. ಬೆಳಿಗ್ಗೆ ಪರೀಕ್ಷೆಯಲ್ಲಿ ಕೈಕೊಟ್ಟಿದ್ದ ಭಿನ್ನರಾಶಿ ಈಗ ಚೆನ್ನಾಗಿಯೇ ಬಂತು. ಉತ್ತರ ಮಾತ್ರ ಚೆನ್ನಾಗಿರಲಿಲ್ಲ.

ಅದನ್ನೇ ಕೊಟ್ಟರೂ ಜಿಂಕೆಗೆ ಗೊತ್ತಾಗುವುದಿಲ್ಲ. ಅವಳ ಅಪ್ಪನಿಗೂ ಗೊತ್ತಾಗುವುದಿಲ್ಲ. ಮರಿಗೆ ಗೊತ್ತಿರುತ್ತದೆ. ಅದೇ ತಾಪತ್ರಯ. ಹೊಸ ತೀರ್ಥ ಬೇಕೆಂದರೆ ಅಜ್ಜಿಗೆ ಹೇಳದೆ ಬೇರೆ ದಾರಿಯಿರಲಿಲ್ಲ.

ಅಜ್ಜಿ ಚರ್ಚಿನ ಸಂಜೆಯ ಪ್ರಾರ್ಥನೆಗೆ, ಅಂದರೆ ಬಲಿಪೂಜೆಗೆ, ಹೊರಡಲು ತಲೆ ಬಾಚುತ್ತಿದ್ದಳು. ಮರಿ ಬಾಗಿಲಿಗೆ ಒರಗಿ ನಿಂತು, ಓಟದ ಸ್ಪರ್ಧೆಯಿಂದ ಹಿಡಿದು ಪೇಂಟರನ ಕಾಲಿನವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಅವಳ ಕಿವಿ ಬಿಸಿಯಾಗಿತ್ತು.

ಅಜ್ಜಿ ಬಾಚಣಿಗೆ ಕೆಳಗಿಟ್ಟಳು. “ಅಂದ್ರೆ ಇಷ್ಟು ದಿನ ನಾನು ಎಲ್ಲರ ತಲೆ ಮೇಲೂ ನಲ್ಲಿ ನೀರು ಚಿಮುಕಿಸ್ತಿದ್ದೆ.”

“ಪೂರ್ತಿ ಅಲ್ಲ ಅಜ್ಜಿ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ.”

ಒಳಗಿನಿಂದ ಅಪ್ಪ ಕೆಮ್ಮಿದ ಸದ್ದು ಕೇಳಿಸಿತು. ಅದು ಕೆಮ್ಮಾಗಿರಲಿಲ್ಲ.

ಅಜ್ಜಿ ಗೂಡಿನಿಂದ ಬಾಟಲಿ ತೆಗೆದು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಅದನ್ನು ಗುಲಾಬಿ ಕುಂಡಕ್ಕೆ ಸುರಿದಳು. ಅರ್ಧ ತೀರ್ಥವಾದರೂ ಚರಂಡಿಗೆ ಹಾಕುವಂತಿರಲಿಲ್ಲ.

“ಚರ್ಚಿಂದ ಹೊಸದು ತಂದ್ಕೊಡ್ತೀಯಾ?” ಮರಿ ಮೆಲ್ಲಗೆ ಕೇಳಿದಳು.

ಚರ್ಚಿನ ತೀರ್ಥದ ಪಾತ್ರೆಯೂ ಖಾಲಿ ಎಂದಳು ಅಜ್ಜಿ. ಫಾದರ್ ಹೊಸದನ್ನು ಆಶೀರ್ವದಿಸುವುದು ಇವತ್ತಿನ ಪೂಜೆ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಆಸ್ಪತ್ರೆಯ ಗೇಟು ಹಾಕಿರುತ್ತದೆ. ಮರಿಯ ಕಣ್ಣು ತುಂಬಿ ಬಂತು. ಕೊಟ್ಟ ಮಾತು ಹೋಯಿತು, ಬೈಗುಳ ಇನ್ನೂ ಬಾಕಿ ಇದೆ.

ಅಜ್ಜಿ ಬೈಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡಳು.

“ಯಾವ ವಾರ್ಡು?”

“ಅತ್ತೆ, ಪೂಜೆಗೆ ಹೊತ್ತಾಯ್ತಲ್ಲಾ,” ಎಂದು ಅಮ್ಮ ಅಡುಗೆಮನೆಯಿಂದ ಇಣುಕಿದಳು. ಜ್ವರ ಬಂದರೂ ಸಂಜೆಯ ಪೂಜೆ ತಪ್ಪಿಸದವಳು ಅಜ್ಜಿ. ಚರ್ಚಿನ ಮೊದಲ ಸಾಲಿನ ಮೂಲೆಯ ಅವಳ ಜಾಗದಲ್ಲಿ ಬೇರೆ ಯಾರೂ ಕೂರುತ್ತಲೂ ಇರಲಿಲ್ಲ. ಅಜ್ಜಿ ಮರಿಯ ಕೈ ಹಿಡಿದು ಮೆಟ್ಟಿಲಿಳಿದಳು.

ವಾರ್ಡಿನಲ್ಲಿ ಪೇಂಟರ್ ಕಣ್ಣು ಬಿಟ್ಟುಕೊಂಡು ಸೂರನ್ನೇ ನೋಡುತ್ತ ಮಲಗಿದ್ದ. ಅವನ ಉಗುರಿನ ಸಂದಿಯಲ್ಲಿ ಇನ್ನೂ ನೀಲಿ ಬಣ್ಣ ಉಳಿದಿತ್ತು. ಜಿಂಕೆ ಮೊದಲು ನೋಡಿದ್ದು ಮರಿಯ ಕೈಯನ್ನು.

“ತಂದಿಲ್ಲ,” ಎಂದಳು ಮರಿ. “ಅದು ಬರೀ ನೀರಾಗಿಬಿಟ್ಟಿತ್ತು. ನಾನೇ ನಲ್ಲಿ ನೀರು ಸೇರಿಸ್ತಿದ್ದೆ. ಸಾರಿ.”

ಜಿಂಕೆ ಕೇಳಿದಳು: “ನಾನು ಗೆದ್ದಾಗ?”

“ಆಗ ಪೂರ್ತಿ ತೀರ್ಥಾನೇ ಇತ್ತು.”

ಅಷ್ಟರಲ್ಲಿ ಅಜ್ಜಿ ಮಂಚದ ಹತ್ತಿರ ಹೋಗಿ ತಾನು ಯಾರು ಎಂದು ಹೇಳಿದ್ದಳು. ಕಾಯಿಲೆ ಬಿದ್ದ ಮನೆಮಂದಿಯನ್ನು ನೋಡಲು ತೀರ್ಥವಿಲ್ಲದೆ ಅವಳು ಎಂದೂ ಹೋದವಳಲ್ಲ. ಖಾಲಿ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಸೆರಗಿಗೆ ಒರೆಸಿಕೊಂಡಳು.

“ನೋಡಪ್ಪಾ, ನನಗೆ ಬರೋದು ನಮ್ಮ ಪ್ರಾರ್ಥನೆ ಒಂದೇ. ನಿಮಗೆ ಬೇಜಾರಿಲ್ಲ ಅಂದ್ರೆ ಹೇಳ್ತೀನಿ.”

“ಹೇಳಿ ಅಮ್ಮಾ,” ಎಂದ ಪೇಂಟರ್. “ನಂಗೆ ತುಂಬ ಭಯ ಆಗ್ತಿದೆ.”

ಅಜ್ಜಿ ಒಣ ಹೆಬ್ಬೆರಳಿನಿಂದ ಅವನ ಹಣೆಗೆ ಶಿಲುಬೆಯ ಗುರುತು ಹಾಕಿದಳು. ಆಮೇಲೆ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದಳು. ಮಗನಿಗೆ ಹೇಳುವಾಗಿನ ದನಿಯಲ್ಲೇ ಹೇಳಿದಳು. ಪೇಂಟರ್ ಕಣ್ಣು ಮುಚ್ಚಿದ. ಪ್ರಾರ್ಥನೆ ಮುಗಿದರೂ ಅವನು ಅಜ್ಜಿಯ ಇನ್ನೊಂದು ಕೈಯನ್ನು ಬಿಡಲಿಲ್ಲ.

ದೂರದಲ್ಲಿ ಚರ್ಚಿನ ಗಂಟೆ ಹೊಡೆಯಿತು. ಓಡಿದರೆ ಪೂಜೆ ಶುರುವಾಗುವ ಹೊತ್ತಿಗಾದರೂ ಮುಟ್ಟಬಹುದಿತ್ತು. ಗಂಟೆ ಕೇಳಿ ಅಜ್ಜಿಯ ತಲೆ ಕಿಟಕಿಯ ಕಡೆ ತಿರುಗಿತು. ಮತ್ತೆ ಪೇಂಟರನ ಕಡೆಗೇ ತಿರುಗಿತು.

ಪೂಜೆಯನ್ನು ನೆನಪಿಸೋಣವೆಂದು ಮರಿ ಹತ್ತಿರ ಬಂದಳು. ಅಜ್ಜಿಯ ಮುಖ ನೋಡಿ ಸುತ್ತ ಕಣ್ಣಾಡಿಸಿದಳು. ಪಕ್ಕದ ಮಂಚದ ಹತ್ತಿರ ಒಂದು ಸ್ಟೂಲು ಖಾಲಿ ಇತ್ತು. ಅದನ್ನು ಸದ್ದಾಗದಂತೆ ಎತ್ತಿ ತಂದು ಅಜ್ಜಿಯ ಹಿಂದೆ ಇಟ್ಟಳು.

ಅಜ್ಜಿ ತಿರುಗಿ ನೋಡದೆ ಕೂತಳು.