ಹೂಂಗುಟ್ಟುವ ಗಂಡ

"ಗೋಡೆಗೂ ಕಿವಿ ಇರುತ್ತಂತೆ, ನಿಮಗಿಲ್ಲ" ಎಂದು ಹೆಂಡತಿ ಅಂದ ದಿನವೇ ಮೆಕ್ಯಾನಿಕ್ ಪುಸ್ತಕ ಬೈಂಡಿಂಗ್ ಅಂಗಡಿಯ ಮಾಲೀಕನನ್ನು ಮುಗಿಸಿಬಿಡಲು ತೀರ್ಮಾನಿಸಿದ. ಅವಳು ಆ ಅಂಗಡಿಯಲ್ಲಿ ಪುಸ್ತಕ ಹೊಲಿಯುತ್ತಿದ್ದಳು. ಮನೆಗೆ ಬಂದರೆ ಒಂದೇ ಮಾತು, "ನಮ್ಮ ಮಾಲೀಕರು ಎಷ್ಟು ಚೆನ್ನಾಗಿ ಕೇಳಿಸ್ಕೋತಾರೆ ಗೊತ್ತಾ?" ಮಾತು ಕೇಳೋದೂ ಒಂದು ಕಸುಬೇ? ಆದರೂ ಅವನ ಹೊಟ್ಟೆ ಉರಿಯಿತು. ಅವಳಿಲ್ಲದ ಮನೆಯನ್ನು ನೆನೆಯಲೂ ಅವನಿಂದ ಆಗುತ್ತಿರಲಿಲ್ಲ.

ಪ್ರತಿ ಗುರುವಾರ ಮಾಲೀಕ ಪುಸ್ತಕದ ಹೊರೆಯನ್ನು ಹಳೇ ಸ್ಕೂಟರಿಗೆ ಕಟ್ಟಿಕೊಂಡು ಇಳಿಜಾರಿನ ರಸ್ತೆಯಲ್ಲಿ ಲೈಬ್ರರಿಗೆ ಹೋಗುತ್ತಿದ್ದ. ಸ್ಕೂಟರು ರಿಪೇರಿಗೆ ಬರುವುದು ಇವನ ಗ್ಯಾರೇಜಿಗೇ. "ಬ್ರೇಕು ಸವೆದಿದೆ, ಹೊಸದು ಹಾಕಿಸಿ" ಎಂದು ನಾಲ್ಕು ಜನರ ಮುಂದೆ ಹೇಳಿಯೂ ಇಟ್ಟಿದ್ದ. ಇನ್ನು ನಾಳೆ ಪೊಲೀಸರು ವಿಚಾರಿಸಿದರೆ, ಗಂಡಹೆಂಡಿರು ಅನ್ಯೋನ್ಯವಾಗಿದ್ದರೆಂದು ಅಕ್ಕಪಕ್ಕದವರು ಸಾಕ್ಷಿ ಹೇಳಬೇಕಲ್ಲ. ಅದಕ್ಕೇ ಒಂದು ತಿಂಗಳು ಕೇಳುವುದನ್ನು ಕಲಿತ. ಫೋನು ಕವುಚಿಟ್ಟ. ಅವಳ ಕಣ್ಣನ್ನೇ ನೋಡಿದ. ಅವಳ ಕೊನೆಯ ಮಾತನ್ನು ಹಿಡಿದು "ಹೌದಾ, ಆಮೇಲೆ?" ಅಂದ. ಕೋಲೆ ಬಸವನಿಗಿಂತ ಚೆನ್ನಾಗಿ ತಲೆಯಾಡಿಸಿದ.

ತಮಾಷೆಯೆಂದರೆ, ಅವಳು ನಿಜಕ್ಕೂ ಅರಳಿದಳು. ಸಂಜೆ ಬಾಗಿಲಲ್ಲಿ ನಿಂತು ಕಾಯತೊಡಗಿದಳು. ಅವನಿಗೂ ಹಿತವಾಗಿತ್ತು. ಆ ಮನುಷ್ಯ ಹೋದಮೇಲೆ ಇನ್ನೂ ಹಿತವಾಗಿರುತ್ತೆ ಅಂದುಕೊಂಡ.

ಬುಧವಾರ ಬ್ರೇಕಿನ ಕೆಲಸ ಮುಗಿಸಿ ಸ್ಕೂಟರು ಕಳಿಸಿದ. ಊಟಕ್ಕೆ ಕೂತಾಗ ಅವಳು ಬಹಳ ಹೊತ್ತು ಏನೋ ಹೇಳಿದಳು. ಅವನ ತಲೆಯಲ್ಲಿ ಇಳಿಜಾರು ಓಡುತ್ತಿತ್ತು. ಮೊದಲ ತಿರುವು ದಾಟಬಹುದು, ಎರಡನೆಯದು ದಾಟಲಾರ. ಮಾತು ನಿಂತಿದ್ದು ಗೊತ್ತಾಗಿ ಅವಳ ಕೈ ಹಿಡಿದು, "ಹೂಂ, ಹಾಗೇ ಮಾಡು" ಅಂದ.

ಅವಳು ಅತ್ತುಬಿಟ್ಟಳು. "ಇಷ್ಟು ವರ್ಷಕ್ಕೆ ನನ್ನ ಮಾತು ಕೇಳಿಸ್ಕೊಂಡ್ರಿ."

ಗುರುವಾರ ಹತ್ತೂವರೆಗೆ ಗ್ಯಾರೇಜಿನ ಬಾಗಿಲಲ್ಲಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, ಬೈಂಡಿಂಗ್ ಮಾಲೀಕ ನಿಂತಿದ್ದ. ನಡೆದುಕೊಂಡೇ ಬಂದಿದ್ದ. "ನಿಮ್ಮ ಮನೆಯವರು ಕೆಲಸ ಬಿಡ್ತಾರಂತಲ್ಲ ಮೇಸ್ತ್ರಿ. ಸಂಜೆ ನಿಮ್ಮ ಜೊತೆ ಕೂತು ಮಾತಾಡ್ಕೊಂಡಿದ್ರೆ ಸಾಕಂತೆ. ಕೇಳಿ ಸಂತೋಷ ಆಯ್ತು. ನನಗೆ ಸೊಂಟ ಹಿಡ್ಕೊಂಡಿದೆ ಅಂತ, ಕೊನೇ ದಿನ ನಾನೇ ಕೊಟ್ಟು ಬರ್ತೀನಿ ಅಂದು ಪುಸ್ತಕ ಕಟ್ಕೊಂಡು ನನ್ನ ಸ್ಕೂಟರಲ್ಲೇ ಹೋದ್ರು. ಹೋಗಿ ಆಗಲೇ ಅರ್ಧ ಗಂಟೆ ಆಯ್ತು. ನಾನು ಬೇಡ ಅಂದೆ. ನಿನ್ನೆ ನಿಮ್ಮನ್ನ ಕೇಳಿದ್ರಂತೆ, ನೀವೇ ಹೂಂ, ಹಾಗೇ ಮಾಡು ಅಂದ್ರಂತಲ್ಲ."